ಬಂಡೆ ಬಯಲಿನ ಕ್ಯಾಸೆಟ್ಟು

ನೀವು ಆ ಕ್ಯಾಸೆಟ್ಟು ಕೇಳಿರ್ತೀರಿ. ನೀವು ಕೇಳಿಲ್ಲ ಅಂದರೆ ನಿಮ್ಮ ಅಣ್ಣನೋ ಚಿಕ್ಕಪ್ಪನೋ ಕೇಳಿರ್ತಾರೆ. ಹಾಸ್ಟೆಲ್ಲಿನಲ್ಲಿ ಓದಿದವರಾದರೆ ಕೇಳದೆ ಇರೋಕೆ ಸಾಧ್ಯವೇ ಇಲ್ಲ. ‘ಸಿಡಿಮದ್ದು’ ಅಂತ ಒಂದು ರಾಕ್ ಬ್ಯಾಂಡ್ ಇತ್ತಲ್ಲ, ಅದರಲ್ಲಿ ಲವೀನಾ ಅನ್ನೋ ಹುಡುಗಿ ಗಂಟಲು ಹರಿದುಹೋಗೋ ಹಾಗೆ ಹಾಡಿದ ಕಾರ್ಯಕ್ರಮದ ಕಳ್ಳ ಕ್ಯಾಸೆಟ್ಟು ಅದು. ಯಾವ ಕಂಪನಿಯೂ ಬಿಡುಗಡೆ ಮಾಡಿದ್ದಲ್ಲ. ಲಾರಿಯವರು, ಸೆಲೂನಿನವರು, ಕಾಲೇಜು ಹುಡುಗರು ಒಬ್ಬರಿಂದ ಒಬ್ಬರು ಕಾಪಿ ಮಾಡಿಕೊಂಡು ದೇಶದ ತುಂಬ ಹಬ್ಬಿಸಿದ್ದು. ಅದರಲ್ಲಿ ಒಂದು ಜಾಗ ಬರುತ್ತೆ. ಲವೀನಾ ಹಾಡು ನಿಲ್ಲಿಸಿ, ‘ಏನಾದ್ರೂ ಹೇಳ್ರೋ!’ ಅಂತ ಕಿರುಚ್ತಾಳೆ. ಆಗ ಒಂದಿಡೀ ಊರು ‘ಓ!’ ಅಂತ ಓಗೊಡುತ್ತೆ. ಕೇಳಿದವರಿಗೆ ಮೈ ಜುಮ್ಮೆನ್ನುತ್ತಂತೆ. ಆ ‘ಓ’ ನಮ್ಮದು ಕಣ್ರೀ. ಅದರ ಹಿಂದೆಯೇ ಒಂಚೂರು ತಡವಾಗಿ, ‘ತಾಯೀ, ಇನ್ನೊಂದ್ಸಲ!’ ಅಂತ ಒಂದು ಒಡಕು ದನಿ ಕೇಳುತ್ತಲ್ಲ, ಅದು ಖುದ್ದು ನಾನೇ, ಹೋಟೆಲ್ ಮಾನಪ್ಪ. ಜಂಬ ಕೊಚ್ಚಿಕೊಳ್ತಿದಾನೆ ಅಂದ್ಕೊಳ್ತೀರೇನೋ. ಅಂದ್ಕೊಳ್ಳಿ, ನನಗೇನೂ ಬೇಜಾರಿಲ್ಲ.

ನಮ್ಮೂರಿನ ಪಡುವಣಕ್ಕೆ ಒಂದು ಕರೀ ಬಂಡೆ ಇದೆ, ಅದರ ಮುಂದೆ ಬಯಲು. ಹೊತ್ತು ಇಳಿದ ಮೇಲೆ ಊರಲ್ಲಿ ಯಾರು ದನಿ ಎತ್ತಿ ಏನು ಆಡಿದರೂ ಬಂಡೆ ಅದನ್ನ ಇಟ್ಟುಕೊಳ್ಳುತ್ತೆ. ಮಾರನೇ ದಿನ ಬೆಳಿಗ್ಗೆ, ನನ್ನ ಹೋಟೆಲಿನಲ್ಲಿ ಮೊದಲನೇ ಇಡ್ಲಿ ಇಳಿಸೋ ಹೊತ್ತಿಗೆ, ಆಡಿದ್ದನ್ನ ಆಡಿದ ಹಾಗೇ ವಾಪಸ್ಸು ಹೇಳುತ್ತೆ. ಒಂದೇ ಸಲ. ಹಗಲಿನ ಮಾತಿಗೆ ಈ ಕಾಟ ಇಲ್ಲ. ಹಾಗಾಗಿ ನಮ್ಮಲ್ಲಿ ಗಂಡ ಹೆಂಡಿರ ಜಗಳವೆಲ್ಲ ಮಧ್ಯಾಹ್ನ ಊಟದ ಹೊತ್ತಿಗೇ ಮುಗಿದುಹೋಗುತ್ತೆ. ತಡೆಯೋಕೇ ಆಗಲ್ಲ ಅನ್ನೋರು ಸಂಜೆ ಸೇತುವೆ ದಾಟಿ ಹೋಗಿ ಬೈದಾಡಿಕೊಂಡು ಬರ್ತಾರೆ. ಹೊಸದಾಗಿ ವರ್ಗವಾಗಿ ಬಂದ ಸಾಹೇಬರುಗಳು ಮಾತ್ರ ಮೊದಲನೇ ವಾರ ಸಿಕ್ಕಿಬೀಳ್ತಾರೆ. ಒಬ್ಬ ಸಾಹೇಬರು ಅತ್ತೆಯವರ ಬಗ್ಗೆ ಏನೇನೋ ಅಂದಿದ್ದು ಇಡೀ ಊರಿಗೆ ಕೇಳಿ, ಪಾಪ, ಒಂದು ವಾರ ಆಫೀಸಿನ ಹಿಂಬಾಗಿಲಿಂದ ಓಡಾಡಿದರು. ನಾವು ಮುಂಚೇನೇ ಹೇಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹುಟ್ಟಿದಾಗಿಂದ ಇರೋದನ್ನ ಬಿಡಿಸಿ ಹೇಳಬೇಕು ಅಂತ ಯಾರಿಗೆ ಹೊಳೆಯುತ್ತೆ ಹೇಳಿ?

ಹಾಡು, ನಾಟಕ, ಹರಿಕಥೆ ಏನೇ ಬರಲಿ, ನಾವು ಸಂಜೆ ಕೂತು ನೋಡ್ತೀವಿ, ಬೆಳಿಗ್ಗೆ ಕೂತು ಕೇಳ್ತೀವಿ. ನೋಡುವಾಗ ಉಸಿರು ಬಿಡೋ ಹಾಗಿಲ್ಲ. ಒಬ್ಬ ಕೆಮ್ಮಿದರೂ ಬೆಳಿಗ್ಗೆ ಆ ಕೆಮ್ಮು ಹಾಡಿನ ಮೇಲೆ ಬಂದು ಕೂರುತ್ತೆ. ಅದಕ್ಕೇ ಸಂಜೆ ಚಪ್ಪಾಳೆ ಇಲ್ಲ, ಶಿಳ್ಳೆ ಇಲ್ಲ, ಭೇಷ್ ಅನ್ನೋದೂ ಇಲ್ಲ. ಅದೆಲ್ಲ ಬೆಳಿಗ್ಗೆ. ಬಂಡೆಯ ಮುಂದೆ ಚಾಪೆ ಹಾಕಿಕೊಂಡು ಕೂತು, ಹಾಡು ವಾಪಸ್ಸು ಬರ್ತಿದ್ದ ಹಾಗೇ ಮನಸ್ಸು ಬಿಚ್ಚಿ ಕೂಗ್ತೀವಿ. ಸುತ್ತಮುತ್ತಲ ಊರಿನ ನಾಟಕದವರಿಗೆ ಇದು ಗೊತ್ತು. ಅವರೂ ಬಣ್ಣ ತೊಳೆದುಕೊಂಡು ಬೆಳಿಗ್ಗೆವರೆಗೂ ಇದ್ದು, ಚಪ್ಪಾಳೆ ಕೇಳಿಸಿಕೊಂಡು, ನನ್ನಲ್ಲಿ ತಿಂಡಿ ತಿಂದು ಹೋಗ್ತಾರೆ.

ಈ ಶಿಸ್ತನ್ನೆಲ್ಲ ಕಾಯ್ತಿದ್ದವಳು ಪದ್ದಕ್ಕ. ಮೈಕ್‌ಸೆಟ್ ಅಂಗಡಿಯವಳು. ಗಂಡ ತೀರಿಕೊಂಡ ಮೇಲೆ ಅಂಗಡಿ ಮುಚ್ತಾಳೆ ಅಂದುಕೊಂಡಿದ್ದೆವು. ಅವಳು ಮುಚ್ಚೋದಿರಲಿ, ಇನ್ನೂ ಎರಡು ದೊಡ್ಡ ಸ್ಪೀಕರ್ ತಂದು ನಿಲ್ಲಿಸಿದಳು. ಕಾರ್ಯಕ್ರಮ ಇದ್ದ ದಿನ ತುಟಿಯ ಮೇಲೆ ಬೆರಳಿಟ್ಟುಕೊಂಡು ಸಾಲುಸಾಲಿಗೂ ತಿರುಗುತ್ತಿದ್ದಳು. ಅವಳ ಬೆರಳಿಗೆ ಎಂಥೆಂಥ ಗಂಡಸರೂ ಹೆದರುತ್ತಿದ್ದರು. ನನ್ನ ಸ್ವಂತ ತಮ್ಮ ಒಮ್ಮೆ ಸೀನಿದ್ದಕ್ಕೆ ಆರು ತಿಂಗಳು ಅವನ ಜೊತೆ ಮಾತು ಬಿಟ್ಟಿದ್ದಳು.

ಸಿಡಿಮದ್ದಿನವರನ್ನ ನಮ್ಮೂರಿಗೆ ಕರೆಸಿದವಳೂ ಅವಳೇ. ಪಟ್ಟಣಕ್ಕೆ ಆಂಪ್ಲಿಫೈಯರ್ ತರೋಕೆ ಹೋದವಳು ಯಾವುದೋ ಕಾಲೇಜಿನ ಮೈದಾನದಲ್ಲಿ ಆ ಹುಡುಗಿ ಹಾಡೋದು ಕೇಳಿ ಅಲ್ಲೇ ನಿಂತುಬಿಟ್ಟಳಂತೆ. ‘ಮಾನಪ್ಪಾ, ಆ ಹುಡುಗಿ ಹಾಡ್ತಾ ಇದ್ರೆ ನನ್ನ ಎದೆಯೊಳಗಿನ ಬೋಲ್ಟುಗಳೆಲ್ಲ ಸಡಿಲ ಆದ್ವು ಕಣೋ,’ ಅಂದಳು. ನೆತ್ತಿ ನರೆತ ಹೆಂಗಸು ಹೀಗೆ ಮಾತಾಡೋದು ನಾನು ಕೇಳಿರಲಿಲ್ಲ. ಅವರು ಬರ್ತೀವಿ ಅಂದರು, ಆದರೆ ಒಂದು ಷರತ್ತು ಹಾಕಿದರು: ಕಾರ್ಯಕ್ರಮದಲ್ಲಿ ಯಾರೂ ರೆಕಾರ್ಡ್ ಮಾಡಬಾರದು, ಟೇಪ್ ರೆಕಾರ್ಡರ್ ಕಂಡರೆ ಹಾಡು ನಿಲ್ಲಿಸಿ ಹೊರಟುಹೋಗ್ತೀವಿ. ಪದ್ದಕ್ಕ ಆಗಲಿ ಅಂದಳು. ಬಂಡೆಯ ವಿಷಯ ಹೇಳಬೇಕು ಅಂತ ಅವಳಿಗೆ ಅನ್ನಿಸಲೇ ಇಲ್ಲ. ನಮ್ಮೂರಿಗೆ ಹಾಡೋಕೆ ಬರೋರು ಬಂಡೆಗೋಸ್ಕರವೇ ಬರ್ತಾರೆ ಅಂತ ಅವಳ ಲೆಕ್ಕ. ನಮ್ಮೆಲ್ಲರ ಲೆಕ್ಕವೂ ಅದೇ.

ಅವತ್ತು ಸಂಜೆ ಗೇಟಿನಲ್ಲಿ ಎಲ್ಲರೂ ತಮ್ಮ ತಮ್ಮ ಟೇಪ್ ರೆಕಾರ್ಡರುಗಳನ್ನ ಮರ್ಯಾದೆಯಾಗಿ ಒಪ್ಪಿಸಿದರು. ಕೊಟ್ಟ ಮಾತು ಅಂದರೆ ಮಾತು. ಮಕ್ಕಳ ಬಾಯಿಗೆ ಪೆಪ್ಪರಮಿಂಟು, ದೊಡ್ಡವರ ಬಾಯಿಗೆ ಟವೆಲಿನ ತುದಿ, ಹೆಂಗಸರ ಬಾಯಿಗೆ ಸೆರಗು. ಮೊದಲನೇ ಡ್ರಮ್ಮು ಬಿತ್ತು ನೋಡಿ, ನನ್ನ ಬೆನ್ನು ಕೆಳಗಿಂದ ಮೇಲಿನವರೆಗೂ ಬಿಸಿಯಾಯಿತು. ನಾವು ಅಂಥದ್ದು ಕೇಳಿದವರೇ ಅಲ್ಲ. ಲವೀನಾ ಗಿಟಾರು ಹೊಡೆಯುತ್ತ, ತಲೆಗೂದಲು ಎಗರಿಸುತ್ತ ಹಾಡಿದಳು. ಹಾಡು ಮುಗೀತು. ಬಯಲು ಗಪ್‌ಚುಪ್. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ನಮ್ಮ ಕಡೆ ನೋಡಿದಳು. ಎರಡನೇ ಹಾಡು ಮುಗೀತು, ಮತ್ತೆ ಅದೇ. ನನ್ನ ಪಕ್ಕದಲ್ಲಿದ್ದ ದರ್ಜಿ ಬಸಯ್ಯ ಅಳ್ತಿದ್ದ, ಆದರೆ ಮೂಗು ಸೊರ್ರೆನ್ನಿಸದ ಹಾಗೆ ಅಳ್ತಿದ್ದ. ಅಷ್ಟು ಜವಾಬ್ದಾರಿಯಿಂದ ಕೂತಿದ್ದೆವು ನಾವು.

ಒಂದೊಂದು ಹಾಡಿಗೂ ಅವಳ ಸಿಟ್ಟು ಏರ್ತಾ ಹೋಯಿತು, ಸಿಟ್ಟು ಏರಿದ ಹಾಗೆ ಹಾಡೂ ಏರ್ತಾ ಹೋಯಿತು. ಕೊನೆಗೆ ನಡುವೆ ನಿಲ್ಲಿಸಿ, ‘ಏನಾದ್ರೂ ಹೇಳ್ರೋ!’ ಅಂತ ಕಿರುಚಿದಳು. ಪದ್ದಕ್ಕ ಮುಂದಿನ ಸಾಲಿನಲ್ಲಿ ಎದ್ದು ನಮ್ಮ ಕಡೆ ತಿರುಗಿ ಬೆರಳು ತೋರಿಸಿದಳು. ಯಾರೂ ತುಟಿ ಬಿಚ್ಚಲಿಲ್ಲ. ಲವೀನಾ ಕೊನೆಯ ಹಾಡನ್ನ ಮಂಡಿಯೂರಿ ಹಾಡಿದಳು. ‘ಬಾಗಿಲು ತೆಗೀರಿ, ಇಲ್ಲ ಅಂದ್ರೆ ನಾನೇ ಮುರೀತೀನಿ’ ಅಂತ ಬರುತ್ತಲ್ಲ, ಆ ಹಾಡು. ಕಣ್ಣೀರು ಇಳೀತಿತ್ತು. ಕಲಾವಿದೆ ಅಂದರೆ ಹೀಗಿರಬೇಕು, ಎಷ್ಟು ಭಾವ ತುಂಬಿ ಹಾಡ್ತಾಳೆ ಅಂದುಕೊಂಡೆವು ನಾವು ದಡ್ಡ ಮುಂಡೇವು. ಹಾಡು ಮುಗಿಸಿ ಗಿಟಾರು ನೆಲಕ್ಕೆ ಕುಕ್ಕಿ ಇಳಿದು ಹೋದಳು. ನಾನು ಅವರಿಗೋಸ್ಕರ ಮಾಡಿದ್ದ ಬಿಸಿಬೇಳೆಬಾತು ಹಾಗೇ ಉಳೀತು. ವ್ಯಾನು ಹತ್ತಿ ಹೊರಟೇಬಿಟ್ಟರು. ಪಾಪ, ಮುಂದಿನ ಊರಲ್ಲಿ ಏನೋ ಅರ್ಜೆಂಟು ಇರಬೇಕು ಅಂದಳು ಪದ್ದಕ್ಕ.

ಮಾರನೇ ಬೆಳಿಗ್ಗೆ ಪದ್ದಕ್ಕ ಬಂಡೆಯ ಎದುರಿನ ಹುಣಸೇಮರಕ್ಕೆ ಎರಡು ಮೈಕು ಕಟ್ಟಿ ಟೇಪ್ ಓಡಿಸಿದಳು. ಕಾರ್ಯಕ್ರಮದಲ್ಲಿ ರೆಕಾರ್ಡ್ ಮಾಡಬಾರದು ಅಂದಿದ್ದರು, ಮಾಡಲಿಲ್ಲ. ಬೆಳಗಿನ ಬಗ್ಗೆ ಯಾರೂ ಏನೂ ಅಂದಿರಲಿಲ್ಲ. ಬಂಡೆ ಬಾಯಿ ಬಿಟ್ಟಿತು. ಅಯ್ಯಯ್ಯೋ, ಆ ಬೆಳಗನ್ನ ಹೆಂಗೆ ಹೇಳಲಿ! ರಾತ್ರಿಯೆಲ್ಲ ತಡೆದಿಟ್ಟುಕೊಂಡಿದ್ದು ಒಂದೇ ಸಲ ಕಿತ್ತುಕೊಂಡು ಬಂತು. ಬಸಯ್ಯ ಅಂಗಿ ಬಿಚ್ಚಿ ಬೀಸಿದ. ಪ್ರೈಮರಿ ಸ್ಕೂಲಿನ ಹೆಡ್‌ಮಾಸ್ಟರು ಕುಣಿದರು, ಅವರ ಹೆಂಡತಿ ಅವರಿಗಿಂತ ಚೆನ್ನಾಗಿ ಕುಣಿದರು. ಬಂಡೆ ‘ಏನಾದ್ರೂ ಹೇಳ್ರೋ!’ ಅಂದಾಗ ನಾವು ಹೇಳಿದೆವು. ನೀವು ಕ್ಯಾಸೆಟ್ಟಿನಲ್ಲಿ ಕೇಳಿರೋದು ಅದನ್ನೇ. ನನ್ನ ಹೋಟೆಲಿನ ಎದುರಿಗೆ ಲಾರಿ ನಿಲ್ಲಿಸಿದ್ದ ಒಬ್ಬ ಡ್ರೈವರು ಒಂದು ಕಾಪಿ ಕೇಳಿ ಇಸ್ಕೊಂಡು ಹೋದ. ಅಲ್ಲಿಂದ ಅದರ ದಾರಿ ಅದು ಹಿಡೀತು. ‘ಇಂಥ ಜನ ಎಲ್ಲಿದ್ರು? ಇಂಥ ಜನದ ಮುಂದೆ ಒಂದ್ಸಲ ಹಾಡಬೇಕು’ ಅಂತ ದೊಡ್ಡ ದೊಡ್ಡ ಹಾಡುಗಾರರು ಹೇಳಿದ್ದು ಪೇಪರಿನಲ್ಲಿ ಬಂತು. ನಾವು ಎದೆ ಸೆಟೆಸಿಕೊಂಡು ಓಡಾಡಿದೆವು.

ಹಾಗೆ ಎದೆ ಸೆಟೆಸಿಕೊಂಡಿದ್ದಾಗಲೇ ಒಂದು ದಿನ ಬಸಯ್ಯ ಒಂದು ವಾರಪತ್ರಿಕೆ ತಂದು ಪದ್ದಕ್ಕನ ಮುಂದೆ ಇಟ್ಟ. ಲವೀನಾ ಜೊತೆ ಮಾತುಕತೆ ಅಚ್ಚಾಗಿತ್ತು. ಬ್ಯಾಂಡು ಒಡೆದುಹೋಗಿದೆಯಂತೆ. ಅವಳು ಹಾಡೋದೇ ಬಿಟ್ಟು ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳ್ತಿದಾಳಂತೆ. ಯಾಕೆ ಅಂತ ಕೇಳಿದ್ದಕ್ಕೆ, ‘ಒಂದೂರಲ್ಲಿ ಹೆಣಗಳ ಮುಂದೆ ಹಾಡಿದೆ. ನನ್ನ ಜೀವ ತೆಗೆದು ಮುಂದಿಟ್ಟೆ, ಒಬ್ಬರೂ ಒಂದು ಕೈ ತಟ್ಟಲಿಲ್ಲ. ಅವತ್ತಿಂದ ಬಾಯಿ ತೆಗೆದರೆ ದನಿ ಬರ್ತಿಲ್ಲ’ ಅಂದಿದ್ದಳು. ಆ ಕ್ಯಾಸೆಟ್ಟಿನ ಬಗ್ಗೆ ಕೇಳಿದ್ದಕ್ಕೆ, ‘ಅದು ಸುಳ್ಳು. ಯಾವುದೋ ಕ್ರಿಕೆಟ್ ಮ್ಯಾಚಿನ ಗದ್ದಲ ತಂದು ನನ್ನ ಹಾಡಿಗೆ ಅಂಟಿಸಿದಾರೆ’ ಅಂತ ಹೇಳಿದ್ದಳು.

ಊರಿಗೆ ಸಿಟ್ಟು ಬಂತು. ನಮ್ಮನ್ನ ಹೆಣ ಅಂದಳಲ್ಲ, ನಮ್ಮ ‘ಓ’ ಸುಳ್ಳು ಅಂದಳಲ್ಲ ಅಂತ ಎಲ್ಲರೂ ಹಾರಾಡಿದರು. ಪದ್ದಕ್ಕ ಮಾತ್ರ ಹಾರಾಡಲಿಲ್ಲ. ಎರಡು ದಿನ ಅಂಗಡಿ ಬಾಗಿಲು ತೆಗೀಲಿಲ್ಲ. ನಾನು ಕ್ಯಾರಿಯರಿನಲ್ಲಿ ಊಟ ತಗೊಂಡು ಹೋದರೆ ಸ್ಪೀಕರಿನ ಪಕ್ಕ ಗೋಡೆಗೆ ಒರಗಿ ಕೂತಿದ್ದಳು. ‘ನಾನೇ ಕಣೋ ಮಾನಪ್ಪ ಅವಳ ಬಾಯಿ ಕಟ್ಟಿದ್ದು,’ ಅಂದಳು. ‘ಅವಳು ಏನಾದ್ರೂ ಹೇಳ್ರೋ ಅಂತ ಗೋಗರೀತಿದ್ರೆ ನಾನು ಎದ್ದು ನಿಂತು ಬೆರಳು ತೋರಿಸಿದೆ. ನಾವು ಮೆಚ್ಚಿದ್ದು ಅವಳಿಗೆ ಹೆಂಗೆ ಗೊತ್ತಾಗ್ಬೇಕು? ಅವಳು ಮತ್ತೆ ಹಾಡೋವರ್ಗೂ ನನ್ನ ಮೈಕ್‌ಸೆಟ್ಟು ಯಾವ ಮದ್ವೆಗೂ ಹೋಗಲ್ಲ.’ ನಾನು ಸಮಾಧಾನ ಹೇಳೋಕೆ ಹೋದೆ. ‘ಸುಮ್ನೆ ಊಟ ಇಟ್ಟು ಹೋಗು’ ಅಂತ ಗದರಿದಳು.

ಮಾರನೇ ದಿನ ಅವಳೂ ನಾನೂ ಪಟ್ಟಣದ ಬಸ್ಸು ಹತ್ತಿದೆವು. ಟೈಪಿಂಗ್ ಇನ್‌ಸ್ಟಿಟ್ಯೂಟು ಒಂದು ಔಷಧಿ ಅಂಗಡಿಯ ಮೇಲಿತ್ತು. ಕೂದಲು ಬಿಗಿಯಾಗಿ ಕಟ್ಟಿಕೊಂಡು, ಕನ್ನಡಕ ಹಾಕಿಕೊಂಡಿದ್ದ ಲವೀನಾಳನ್ನ ನಾನು ಗುರುತೇ ಹಿಡೀಲಿಲ್ಲ. ಪದ್ದಕ್ಕ ಬಂಡೆಯ ವಿಷಯ ಮೊದಲಿಂದ ಕೊನೆವರೆಗೂ ಹೇಳಿದಳು. ಹುಡುಗಿ ಕೇಳಿಸಿಕೊಂಡು, ‘ಆಂಟಿ, ನನ್ನ ನೋಡಿದ್ರೆ ಪೆದ್ದಿ ಥರ ಕಾಣ್ತೀನಾ?’ ಅಂದಳು. ‘ಆಂಟಿ ಅನ್ಬೇಡ, ಪದ್ದಕ್ಕ ಅನ್ನು. ಬಂದು ನೋಡಮ್ಮ, ಒಂದು ರಾತ್ರಿ ಇದ್ದು ಬೆಳಿಗ್ಗೆ ಕೇಳು,’ ಅಂದಳು ಪದ್ದಕ್ಕ. ‘ಬರ್ತೀನಿ,’ ಅಂದಳು ಲವೀನಾ. ‘ದಾರೀಲಿ ಹೋಗೋರೆಲ್ಲ ನಿಲ್ಲಿಸಿ ಆ ಕ್ಯಾಸೆಟ್ ಬಗ್ಗೆ ಹೊಗಳಿ ಹೊಗಳಿ ನನ್ನ ಸಾಯಿಸ್ತಿದಾರೆ. ಅದು ಸುಳ್ಳು ಅಂತ ನಿಮ್ಮೂರೋರ ಬಾಯಲ್ಲೇ ಹೇಳಿಸ್ತೀನಿ. ಆದರೆ ರಾತ್ರಿ ಇರಲ್ಲ. ಆ ಊರಲ್ಲಿ ಒಂದು ಲೋಟ ನೀರೂ ಕುಡಿಯಲ್ಲ. ಸಂಜೆಯ ಕೊನೇ ಬಸ್ಸಿಗೆ ವಾಪಸ್ಸು.’ ಪದ್ದಕ್ಕ ಎಷ್ಟು ಬೇಡಿಕೊಂಡರೂ ಅವಳ ಮಾತು ಒಂದೇ.

ಬಂದಳು. ಭಾನುವಾರ ಸಂಜೆ, ಹೆಗಲಿಗೆ ಗಿಟಾರು ಹಾಕಿಕೊಂಡು ಒಬ್ಬಳೇ ಬಸ್ಸಿಳಿದಳು. ಊರಿಗೆ ಊರೇ ಬಯಲಿನಲ್ಲಿ ಸೇರಿತ್ತು. ವೇದಿಕೆ ಹತ್ತಿ, ‘ಅವತ್ತು ನಾನು ಹಾಡಿದಾಗ ನಿಮ್ಮಲ್ಲಿ ಯಾರು ಚಪ್ಪಾಳೆ ಹೊಡೆದ್ರಿ? ಹೊಡೆದೋರು ಹೊಡೆದೆ ಅಂತ ಹೇಳಿ,’ ಅಂದಳು. ಏನು ಹೇಳೋದು? ಸಂಜೆ ಯಾರೂ ಹೊಡೆದಿರಲಿಲ್ಲ, ಅದು ನಿಜ. ಮೇಲಾಗಿ ಹೊತ್ತು ಇಳಿದಿತ್ತು, ಪದ್ದಕ್ಕ ಮುಂದಿನ ಸಾಲಿನಲ್ಲಿ ಕೂತಿದ್ದಳು. ಅಭ್ಯಾಸ ಬಲದಿಂದ ನಮ್ಮ ಟವೆಲುಗಳು ಆಗಲೇ ಬಾಯಿ ಸೇರಿದ್ದವು. ‘ನೋಡಿದ್ರಾ? ಅವತ್ತೂ ಹೀಗೇ ಕೂತಿದ್ರಿ,’ ಅಂದಳು ಲವೀನಾ. ‘ಅದೇ ಹಾಡು ಮತ್ತೆ ಹಾಡ್ತೀನಿ. ಕೂತ್ಕೊಂಡೇ ಇರಿ. ಆಮೇಲೆ ನಾನು ಬಸ್ಸು ಹತ್ತಿ ಹೋಗ್ತೀನಿ, ಇನ್ಯಾವತ್ತೂ ಗಿಟಾರು ಮುಟ್ಟಲ್ಲ.’

ಗಿಟಾರಿನ ತಂತಿ ಮೀಟಿದಳು. ‘ಬಾಗಿಲು ತೆಗೀರಿ’ ಅಂತ ಎತ್ತಿದಳು. ದನಿ ಅಲ್ಲಿಗೇ ಸಿಕ್ಕಿಹಾಕಿಕೊಂಡಿತು. ಮತ್ತೆ ಎತ್ತಿದಳು, ಎರಡನೇ ಸಾಲಿಗೆ ಬಂದು ಒಡೆದುಹೋಯಿತು. ಬಾಯಿ ತೆಗೀತಾಳೆ, ಬರೀ ಗಾಳಿ ಬರುತ್ತೆ. ನಮ್ಮ ಕಡೆ ನೋಡಿದಳು. ಬಯಲಿನ ಆಚೆ ಕೊನೇ ಬಸ್ಸು ಹಾರನ್ ಹೊಡೀತು. ಅವಳು ಗಿಟಾರಿನ ಪಟ್ಟಿ ಹೆಗಲಿಂದ ಇಳಿಸೋಕೆ ಕೈ ಹಾಕಿದಳು.

ಆಗ ಮುಂದಿನ ಸಾಲಿನಲ್ಲಿ ಒಂದು ಚಪ್ಪಾಳೆ ಕೇಳಿಸಿತು. ಇಡೀ ಊರು ಆ ಕಡೆ ತಿರುಗಿತು. ಪದ್ದಕ್ಕ ಎದ್ದು ನಿಂತಿದ್ದಳು. ಎರಡೂ ಕೈ ಮುಖದ ಮುಂದೆ ಹಿಡಿದು ಹೊಡೀತಿದ್ದಳು. ಸಂಜೆ ಹೊತ್ತು ಚಪ್ಪಾಳೆ ಹೊಡೆದು ಅಭ್ಯಾಸವೇ ಇಲ್ಲದ ಕೈ, ಒಂದಕ್ಕೊಂದು ಸರಿಯಾಗಿ ತಾಗ್ತಾನೂ ಇರಲಿಲ್ಲ. ಹಿಂದಿನಿಂದ ಯಾರೋ ‘ಶ್ಶ್’ ಅಂದರು. ಪದ್ದಕ್ಕ ಗರ್ರನೆ ತಿರುಗಿದಳು. ‘ಯಾವನೋ ಅವನು ಶ್ಶ್ ಅನ್ನೋನು? ನಾಳೆ ಬೆಳಿಗ್ಗೆ ಹಾಳಾಗಿ ಹೋಗ್ಲಿ! ಹುಡುಗಿ ಇರೋದು ಈಗ! ಹೊಡೀರೋ ಚಪ್ಪಾಳೇನ!’ ಅಂತ ಕಿರುಚಿದಳು.

ನಮ್ಮ ಅಪ್ಪಂದಿರು, ತಾತಂದಿರು ಯಾರೂ ಮಾಡದೇ ಇದ್ದ ಕೆಲಸ. ಮೊದಲು ಬಸಯ್ಯ ಬಾಯಿಂದ ಟವೆಲು ಕಿತ್ತೆಸೆದ. ಆಮೇಲೆ ನಾನು. ಆಮೇಲೆ ಯಾರು ಮೊದಲು ಯಾರು ಆಮೇಲೆ ಅಂತ ಹೇಳೋ ಹಾಗೇ ಇರಲಿಲ್ಲ. ಹೆಂಗಸರು ತಟ್ಟೆ ಬಡಿದರು, ಮುದುಕರು ಕೋಲು ಕುಟ್ಟಿದರು. ಸಂಜೆ ಹೊತ್ತಲ್ಲಿ ಕೂಗೋದು ಅಂದರೆ ಏನು ಅಂತ ನಮಗೆ ಅವತ್ತೇ ಗೊತ್ತಾಗಿದ್ದು. ಲವೀನಾ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು, ಮತ್ತೆ ಹಾಕಿಕೊಂಡು ನಮ್ಮನ್ನ ಈ ತುದಿಯಿಂದ ಆ ತುದಿವರೆಗೂ ನೋಡಿದಳು. ಆಮೇಲೆ ಹಾಡಿದಳು. ಹಾಡಿದ್ದು ನಮಗೆ ಒಂದಕ್ಷರ ಕೇಳಿಸಲಿಲ್ಲ, ಅವಳ ಬಾಯಿ ಆಡೋದು, ಕತ್ತಿನ ನರ ಉಬ್ಬೋದು ಮಾತ್ರ ಕಾಣ್ತಿತ್ತು. ಬಸ್ಸು ಹೋಯಿತು. ಅವಳು ಅದರ ಕಡೆ ತಿರುಗಿಯೂ ನೋಡಲಿಲ್ಲ.

ಅವತ್ತು ಪದ್ದಕ್ಕನ ಮನೆಯಲ್ಲೇ ಉಳಿದಳು. ನೀರು ಮಾತ್ರ ಅಲ್ಲ, ನನ್ನ ಬಿಸಿಬೇಳೆಬಾತನ್ನ ಎರಡು ಸಲ ಹಾಕಿಸಿಕೊಂಡು ತಿಂದಳು. ಬೆಳಿಗ್ಗೆ ಎಲ್ಲರೂ ಬಂಡೆಯ ಮುಂದೆ ಸೇರಿದೆವು. ಲವೀನಾ ಕಾಫಿ ಲೋಟ ಹಿಡಿದು ಪದ್ದಕ್ಕನ ಪಕ್ಕ ನಿಂತಿದ್ದಳು, ಇನ್ನೂ ಅರ್ಧ ನಂಬಿಕೆ, ಅರ್ಧ ಅನುಮಾನ. ಬಂಡೆ ಶುರು ಮಾಡಿತು. ‘ಅವತ್ತು ನಾನು ಹಾಡಿದಾಗ’ ಅಂತ ಅವಳದೇ ದನಿ ಅವಳದೇ ಮಾತು ಹೇಳಿತು. ಅವಳ ಕೈಯಲ್ಲಿದ್ದ ಕಾಫಿ ತುಳುಕಿ ಸೀರೆ ಮೇಲೆ ಚೆಲ್ಲಿತು. ಆಮೇಲೆ ಆ ಒಡೆದ ಎರಡು ಸಾಲು, ಬಸ್ಸಿನ ಹಾರನ್ನು. ಆಮೇಲೆ ಪದ್ದಕ್ಕನ ‘ನಾಳೆ ಬೆಳಿಗ್ಗೆ ಹಾಳಾಗಿ ಹೋಗ್ಲಿ’ ಊರ ತುಂಬ ಮೊಳಗಿತು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು, ಪದ್ದಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅದರ ಹಿಂದೆಯೇ ನಮ್ಮ ಗದ್ದಲ ಬಂತು. ಬರೀ ಗದ್ದಲ. ಅದರೊಳಗೆ ಹಾಡು ಎಲ್ಲಿದೆ ಅಂತ ಹುಡುಕಿದರೂ ಸಿಗಲಿಲ್ಲ.

‘ನಿನ್ನ ಹಾಡು ಹಾಳಾಯ್ತಲ್ಲೇ ಅಮ್ಮ, ನಮ್ಮ ಕೂಗಿನಲ್ಲಿ ಮುಚ್ಚಿಹೋಯ್ತು,’ ಅಂದಳು ಪದ್ದಕ್ಕ. ಲವೀನಾ ಲೋಟ ಕೆಳಗಿಟ್ಟಳು. ಬಂಡೆಗೆ ಬೆನ್ನು ಹಾಕಿ ನಮ್ಮ ಎದುರಿಗೆ ನಿಂತಳು. ಅವಳ ಬೆನ್ನ ಹಿಂದೆ ನಿನ್ನೆಯ ನಾವು ಕೂಗ್ತಾ ಇದ್ದೆವು. ‘ಪದ್ದಕ್ಕಾ,’ ಅಂದಳು, ‘ಈಗ ಹಾಡಿದ್ರೆ?’ ಪದ್ದಕ್ಕ ಸೆರಗು ಸರಿಸಿ ನೋಡಿದಳು. ‘ಹಗಲು ಕಣಮ್ಮ. ಹಗಲಿನದನ್ನ ಬಂಡೆ ಇಟ್ಟುಕೊಳ್ಳಲ್ಲ. ಹಾಡಿದ್ದು ಹಾಡಿದ ಕಡೇನೇ ಮುಗಿದುಹೋಗುತ್ತೆ,’ ಅಂದಳು. ‘ಹಾಗಾದ್ರೆ ಸರಿ,’ ಅಂತ ಲವೀನಾ ಕೂದಲಿನ ಗಂಟು ಬಿಚ್ಚಿದಳು.

ನಾನು ಆ ಕ್ಯಾಸೆಟ್ಟು ಸಾವಿರ ಸಲ ಕೇಳಿದೀನಿ. ಇದರ ಮುಂದೆ ಅದು ಏನೇನೂ ಅಲ್ಲ. ಗಿಟಾರಿಲ್ಲ, ಡ್ರಮ್ಮಿಲ್ಲ, ಮೈಕಿಲ್ಲ, ಸೀರೆ ಮೇಲೆ ಕಾಫಿ ಕಲೆ. ಬಂಡೆಯ ಗದ್ದಲ ಮುಗಿದ ಮೇಲೆ ಅವಳು ‘ಬಾಗಿಲು ತೆಗೀರಿ’ ಅಂತ ಎತ್ತಿದಳು, ಈ ಸಲ ದನಿ ಎಲ್ಲೂ ಸಿಕ್ಕಿಹಾಕಿಕೊಳ್ಳಲಿಲ್ಲ. ಹಾಡಿನ ನಡುವೆ ಯಾರೋ ಪದ್ದಕ್ಕನ ಹತ್ತಿರ ಓಡಿ ಬಂದು, ಟೇಪ್ ತರಲಾ ಅಕ್ಕಾ ಅಂತ ಕೇಳಿದರು. ಪದ್ದಕ್ಕ ಅವರ ಕಡೆ ತಿರುಗದೆ, ‘ಎಲ್ಲಿಗೂ ಹೋಗ್ಬೇಡ, ನಿಂತ್ಕೊಂಡು ಕೇಳು,’ ಅಂದಳು.

ಲವೀನಾ ಈಗ ಎಲ್ಲಿ ಹಾಡ್ತಾಳೆ, ಎಷ್ಟು ದೊಡ್ಡವಳಾಗಿದಾಳೆ ಅಂತ ನಿಮಗೇ ಗೊತ್ತು, ನಾನು ಹೇಳಬೇಕಾಗಿಲ್ಲ. ಇವತ್ತಿಗೂ ದೂರದೂರಿಂದ ಜನ ಬಂದು ನನ್ನ ಹೋಟೆಲಿನಲ್ಲಿ ಕೂತು, ಆ ಬೆಳಗಿನ ಹಾಡಿಂದೂ ಒಂದು ಕ್ಯಾಸೆಟ್ಟು ಇದೆಯಂತಲ್ಲ, ಎಷ್ಟಾದರೂ ಕೊಡ್ತೀವಿ ಅಂತಾರೆ. ಇಲ್ಲ ಅಂದರೆ ನಂಬಲ್ಲ, ಬಚ್ಚಿಟ್ಟುಕೊಂಡಿದೀರಿ ಅಂತಾರೆ. ನಾನು ಅವರಿಗೆ ಇನ್ನೊಂದು ಇಡ್ಲಿ ಹಾಕಿ ಹೇಳ್ತೀನಿ: ಸ್ವಾಮಿ, ಅದು ಎಲ್ಲೂ ಸಿಗಲ್ಲ. ಅದನ್ನ ಕೇಳಿದ್ದು ಅವತ್ತು ಅಲ್ಲಿದ್ದ ನಾವಷ್ಟೇ.